ಎಲ್ಕ್ ಬೇಟೆಗೆ ಪ್ಯಾಕ್ ಯಾವುದು, ಮೈ ತಯಾರಿ ಹೇಗೆ?

ಏರುಹಾದಿ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ರೈಫಲ್ ಸೀಸನ್ನಿಗೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಸಿಕ್ಕಿದೆ. ನಾನು, ಒಬ್ಬ ಗೆಳೆಯ, ಇಬ್ಬರೇ. ಕುದುರೆ ಇಲ್ಲ, ಗೈಡ್ ಇಲ್ಲ. ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು 5 ಕಿ.ಮೀ. ಒಳಗೆ ಟೆಂಟ್ ಹಾಕಿ ಐದು ದಿನ ಇರುವ ಯೋಚನೆ. ಎತ್ತರ 3000 ಮೀಟರ್ ಹತ್ತಿರ. ನನ್ನ ಬಳಿ 65 ಲೀಟರಿನ ಟ್ರೆಕ್ಕಿಂಗ್ ಬ್ಯಾಗ್ ಇದೆ, ಚೆನ್ನಾಗೇ ಇದೆ. ಅದರಲ್ಲೇ ಆಗುತ್ತಾ, ಇಲ್ಲ ಬೇಟೆಗೆ ಅಂತಲೇ ಮಾಡಿದ್ದು ತಗೋಬೇಕಾ? ಅವುಗಳ ಬೆಲೆ ನೋಡಿದರೆ ತಲೆ ತಿರುಗುತ್ತೆ. ಇನ್ನೊಂದು, ತಯಾರಿ. ನಾನು ಓಡುವವನು, 10 ಕಿ.ಮೀ. ಆರಾಮಾಗಿ ಓಡುತ್ತೇನೆ. ಅಷ್ಟು ಸಾಕಲ್ವಾ? ಇನ್ನೂ ನಾಲ್ಕು ತಿಂಗಳಿದೆ.

ಹಳೆಬೂಟು:
ಟ್ಯಾಗ್ ಸಿಕ್ಕಿದ್ದು ಕೇಳಿ ಖುಷಿ ಆಯ್ತು. ಪ್ಯಾಕ್ ವಿಷಯಕ್ಕೆ ಬಂದರೆ, ಒಳಗೆ ಹೋಗುವಾಗಿನ ಸಾಮಾನು ನೋಡಿ ಆರಿಸಬೇಡಿ, ಹೊರಗೆ ಬರುವಾಗಿನ ಹೊರೆ ನೋಡಿ ಆರಿಸಿ. ಐದು ದಿನದ ಟೆಂಟು, ಮಲಗುವ ಚೀಲ, ಊಟ, ಒಲೆ, ನೀರು ಎಲ್ಲ ಸೇರಿ 20 ಕೆಜಿ ಆಸುಪಾಸು ಬರುತ್ತೆ. ಅದನ್ನ ನಿಮ್ಮ ಈಗಿನ ಬ್ಯಾಗೂ ಹೊರುತ್ತೆ. ಅಸಲಿ ಕೆಲಸ ಶುರುವಾಗುವುದು ಗುಂಡು ಹಾರಿದ ಮೇಲೆ.

ಲೆಕ್ಕ ನೋಡಿ. ಬೆಳೆದ ಗಂಡು ಎಲ್ಕ್ 300 ಕೆಜಿ ದಾಟುತ್ತೆ. ಚರ್ಮ, ಕರುಳು, ಎಲುಬು ಎಲ್ಲ ಬಿಟ್ಟು ಬರೀ ಮಾಂಸ ಅಂದರೂ 90 ಕೆಜಿ ಹತ್ತಿರ. ಎಲುಬು ಬಿಡಿಸದ ಒಂದು ಹಿಂಗಾಲೇ 25ರಿಂದ 30 ಕೆಜಿ ತೂಗುತ್ತೆ. ಒಂದು ಸಲಕ್ಕೆ 30 ಕೆಜಿ ಅಂತ ಹಿಡಿದರೆ ಮಾಂಸಕ್ಕೇ ಮೂರು ಹೊರೆ. ತಲೆ, ಕೊಂಬು, ಇಬ್ಬರ ಟೆಂಟು-ಸಾಮಾನು ಬೇರೆ. ಅಲ್ಲಿಗೆ ತಲಾ ಮೂರು ಸಲ ಹೊರುವುದು ಅಂತ ಇಟ್ಟುಕೊಳ್ಳಿ. ಮೂರು ಸಲ ಇಳಿಯುವುದು, ನಡುವೆ ಎರಡು ಸಲ ಖಾಲಿ ಬೆನ್ನಲ್ಲಿ ಹತ್ತುವುದು. 5 ಕಿ.ಮೀ. ದೂರಕ್ಕೆ ಅದು 25 ಕಿ.ಮೀ. ನಡಿಗೆ, ಅದರಲ್ಲಿ 15 ಕಿ.ಮೀ. ಭಾರ ಹೊತ್ತು. ಎಲ್ಕ್ ನಿಮ್ಮ ಟೆಂಟಿನ ಬಾಗಿಲಿಗೆ ಬಂದು ಬೀಳುತ್ತೆ ಅಂತ ಏನೂ ಇಲ್ಲವಲ್ಲ, ಇನ್ನೊಂದು ಕಣಿವೆ ದಾಟಿ ಬಿದ್ದರೆ ಈ ಲೆಕ್ಕ ಎಲ್ಲಿಗೆ ಹೋಗುತ್ತೆ ನೀವೇ ಯೋಚನೆ ಮಾಡಿ.

ಮಾಮೂಲಿ ಟ್ರೆಕ್ಕಿಂಗ್ ಬ್ಯಾಗಿಗೆ 30 ಕೆಜಿ ಹಾಕಿದರೆ ಹರಿಯೋದಿಲ್ಲ. ಆದರೆ ಒಳಗಿನ ಫ್ರೇಮ್, ಅಂದರೆ ಬೆನ್ನಿಗೆ ಆನುವ ಚೌಕಟ್ಟು, ಬಾಗುತ್ತೆ, ಸೊಂಟದ ಬೆಲ್ಟು ಮಡಚಿಕೊಂಡು ಜಾರುತ್ತೆ, ತೂಕ ಎಲ್ಲ ಭುಜಕ್ಕೆ ಬರುತ್ತೆ. ಮಾಂಸ ಅಂದರೆ ಗಟ್ಟಿ ಸಾಮಾನಲ್ಲ. ಮೆತ್ತಗೆ, ಒದ್ದೆಯಾಗಿ ತಳಕ್ಕೆ ಇಳಿದು ಕೂರುತ್ತೆ. ಆಗ ಬ್ಯಾಗು ಹಿಂದಕ್ಕೆ ಎಳೆಯುತ್ತೆ, ನೀವು ಮುಂದಕ್ಕೆ ಬಾಗುತ್ತೀರಿ, ಇಡೀ ದಾರಿ ಹಾಗೇ.

ಬೇಟೆ ಪ್ಯಾಕಿನಲ್ಲಿ ಬ್ಯಾಗು ಬೇರೆ, ಫ್ರೇಮ್ ಬೇರೆ. ಪಟ್ಟಿಗಳನ್ನ ಸಡಿಲ ಮಾಡಿದರೆ ಬ್ಯಾಗು ಫ್ರೇಮಿನಿಂದ ಹಿಂದಕ್ಕೆ ಸರಿಯುತ್ತೆ. ಆ ಸಂದಿಯಲ್ಲಿ ಮಾಂಸದ ಚೀಲ ಇಟ್ಟು ಕೆಳಗಿನ ಪಟ್ಟಿ ಮೊದಲು ಬಿಗಿದು ಆಮೇಲೆ ಮೇಲಿನದನ್ನ ಎಳೆಯಬೇಕು. ಆಗ ಭಾರ ನಿಮ್ಮ ಬೆನ್ನಿಗೆ ಅಂಟಿಕೊಂಡು, ಎರಡು ಹೆಗಲ ಮೂಳೆಗಳ ನಡುವಿನ ಎತ್ತರದಲ್ಲಿ ನಿಲ್ಲುತ್ತೆ. ಬ್ಯಾಗಿನಲ್ಲಿರುವ ಬಟ್ಟೆ, ಊಟ ಅದರ ಹಿಂದೆ. ಬೇಟೆ ಪ್ಯಾಕಿಗೆ ದುಡ್ಡು ಕೊಡುವುದು ಇದಕ್ಕೇ. ಜೇಬುಗಳ ಲೆಕ್ಕ ನೋಡಿ ಅಲ್ಲ.

ಸಣ್ಣಬೆನ್ನು:
ಹಳೆಬೂಟು ಅವರು ಹೇಳಿದ್ದೆಲ್ಲ ಸರಿ, ಆದರೆ ಅಳತೆ ಹೊಂದದಿದ್ದರೆ ಎಷ್ಟು ಒಳ್ಳೆ ಫ್ರೇಮ್ ಇದ್ದರೂ ದಂಡ. ಎತ್ತರದ ಲೆಕ್ಕ ಇಲ್ಲಿ ಕೆಲಸಕ್ಕೆ ಬರಲ್ಲ, ಬೆನ್ನಿನ ಉದ್ದ ಬೇಕು. ತಲೆ ಬಗ್ಗಿಸಿ ಕುತ್ತಿಗೆ ಹಿಂದೆ ಕೈ ಆಡಿಸಿ, ಎಲ್ಲಕ್ಕಿಂತ ಜಾಸ್ತಿ ಉಬ್ಬಿರುವ ಮೂಳೆ ಸಿಗುತ್ತೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿಯಿರಿ. ಒಬ್ಬರೇ ಅಳೆದರೆ ತಪ್ಪುತ್ತೆ, ಯಾರನ್ನಾದರೂ ಕರೆಯಿರಿ. ನನ್ನಷ್ಟೇ ಎತ್ತರದ ನನ್ನ ತಮ್ಮನಿಗೂ ನನಗೂ ಬೇರೆ ಬೇರೆ ಸೈಜು. ನನಗೆ ಕಾಲು ಉದ್ದ, ಬೆನ್ನು ಗಿಡ್ಡ.

ಬೆಲ್ಟಿನ ನಡುಭಾಗ ಸೊಂಟದ ಮೂಳೆಯ ಅಂಚಿನ ಮೇಲೆ ಕೂರಬೇಕು. ಹೊಟ್ಟೆ ಮೇಲೂ ಅಲ್ಲ, ತೊಡೆ ಸಂದಿಗೂ ಅಲ್ಲ. ಗಂಡಸರ ಅಳತೆಗೆ ಮಾಡಿದ ಬೆಲ್ಟು ಎಷ್ಟೋ ಹೆಂಗಸರಿಗೆ ಮೇಲಂಚು ಸಡಿಲ, ಕೆಳಗಂಚು ಕಚ್ಚುವ ಹಾಗೆ ಕೂರುತ್ತೆ. ಕೆಲವು ಕಂಪನಿಗಳು ಬೆಲ್ಟು, ಭುಜದ ಪಟ್ಟಿ ಬೇರೆ ಬೇರೆ ಸೈಜಿನಲ್ಲಿ ಬಿಡಿಯಾಗಿ ಕೊಡುತ್ತವೆ. ಅಂಥದ್ದನ್ನೇ ನೋಡಿ.

ಭುಜದ ಮೇಲಿಂದ ಫ್ರೇಮಿನ ತುದಿಗೆ ಹೋಗುವ ಸಣ್ಣ ಪಟ್ಟಿ ಇದೆಯಲ್ಲ, ಲೋಡ್ ಲಿಫ್ಟರ್, ಅದು 45 ಡಿಗ್ರಿ ಹತ್ತಿರ ಮೇಲಕ್ಕೆ ಏರಿರಬೇಕು. ಚಪ್ಪಟೆಯಾಗಿದ್ದರೆ ಫ್ರೇಮ್ ನಿಮಗೆ ಗಿಡ್ಡ ಅಂತ ಅರ್ಥ. ಬೇಟೆ ಪ್ಯಾಕುಗಳ ಫ್ರೇಮ್ 24, 26 ಇಂಚು ಅಂತ ಎತ್ತರ ಇರುವುದು ಇದಕ್ಕೇ.

ಅಂಗಡಿಯಲ್ಲಿ ಖಾಲಿ ಪ್ಯಾಕ್ ಹಾಕಿ ಕನ್ನಡಿ ನೋಡಿದರೆ ಏನೂ ಗೊತ್ತಾಗಲ್ಲ. 25 ಕೆಜಿ ಹಾಕಿಸಿ ಅರ್ಧ ಗಂಟೆ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಆನ್‌ಲೈನ್ ತರಿಸಿದರೆ ಲೇಬಲ್ ಕೀಳದೆ ಮನೆಯೊಳಗೇ ಇದನ್ನ ಮಾಡಿ, ಸರಿಹೋಗದಿದ್ದರೆ ವಾಪಸ್ ಕಳಿಸಿ. ನಾನು ಒಮ್ಮೆ ಕರೆ ಮಾಡಿ ಕೇಳಿದಾಗ ಒಂದು ಕಂಪನಿಯವರು "ಎಲ್ಲರಿಗೂ ಹೊಂದುತ್ತೆ ಮೇಡಂ" ಅಂದರು. ಹಾಗೆ ಅಂದವರ ಹತ್ತಿರ ತಗೋಬೇಡಿ.

ಬಿಲ್ಲುಗಾರ:
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ. ಮೊದಲ ವರ್ಷಕ್ಕೇ ಅಷ್ಟು ದುಡ್ಡು ಸುರಿಯಬೇಕಾ? ಹಳೇ ಕಾಲದ ಹೊರ ಫ್ರೇಮ್ ಇದೆಯಲ್ಲ, ಅಲ್ಯೂಮಿನಿಯಂ ಕೊಳವೆ, ಕೆಳಗೊಂದು ಮಡಚುವ ತಟ್ಟೆ, ಬ್ಯಾಗೇ ಇಲ್ಲ. ಅದನ್ನ ಗಾಡಿಯಲ್ಲಿ ಬಿಟ್ಟಿರಿ. ಒಳಗೆ ಹೋಗುವಾಗ ನಿಮ್ಮ ಟ್ರೆಕ್ಕಿಂಗ್ ಬ್ಯಾಗು. ಪ್ರಾಣಿ ಬಿದ್ದರೆ ಮೊದಲ ಸಲ ಹಗುರ ಹೊರೆ ಇಳಿಸಿ, ಬರುವಾಗ ಫ್ರೇಮ್ ತನ್ನಿ. ಭಾರದ ತೊಡೆಗಳು ಅದರ ಮೇಲೆ. ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುತ್ತೆ. 1952ರಲ್ಲಿ ಡಿಕ್ ಕೆಲ್ಟಿ ಇಂಥ ಅಲ್ಯೂಮಿನಿಯಂ ಫ್ರೇಮ್ ಮಾರಲು ಶುರು ಮಾಡಿದಾಗಿಂದ ಜನ ಅದರಲ್ಲೇ ಮಾಂಸ ಹೊತ್ತಿದ್ದಾರೆ.

ಹೊರ ಫ್ರೇಮಿನ ಕಷ್ಟ ಅಂದರೆ ಅದು ಕಿರುಗುಟ್ಟುತ್ತೆ, ಪೊದೆಯಲ್ಲಿ ಸಿಕ್ಕಿಕೊಳ್ಳುತ್ತೆ. ಹೊಂಚು ಹಾಕಿ ನಡೆಯುವಾಗ ಅದನ್ನ ಬೆನ್ನಿಗೆ ಹಾಕಿಕೊಂಡರೆ ಇಡೀ ಕಣಿವೆಗೆ ನೀವು ಬಂದದ್ದು ಗೊತ್ತಾಗುತ್ತೆ. ಬರೀ ಹೊರುವುದಕ್ಕೆ ಬಳಸಿದರೆ ಏನೂ ತೊಂದರೆ ಇಲ್ಲ. ಅಂದಹಾಗೆ ಹೊಸ ಪ್ಯಾಕ್ ತಗೊಂಡರೂ ಬಟ್ಟೆಯನ್ನ ಉಗುರಲ್ಲಿ ಕೆರೆದು ನೋಡಿ. ನೀರು ಹಿಡಿಯದ ಪದರ ಹಚ್ಚಿದ ಕೆಲವು ಬಟ್ಟೆ ಕೊಂಬೆ ತಾಗಿದರೆ ಚರ್ ಅನ್ನುತ್ತೆ.

ಹಳೆಬೂಟು:
@ಬಿಲ್ಲುಗಾರ ಒಪ್ಪಿದೆ, ಇಬ್ಬರಿಗೆ ಒಂದು ಫ್ರೇಮ್ ಇದ್ದರೂ ನಡೆಯುತ್ತೆ. ಆದರೆ ಮೊದಲ ಸಲ "ಹಗುರ ಹೊರೆ" ಅಂತ ಇಳಿಸಿದರೆ ಒಟ್ಟು ಸುತ್ತು ಒಂದು ಜಾಸ್ತಿ ಆಗಬಹುದು. ಅಕ್ಟೋಬರ್‌ನಲ್ಲೂ ಹಗಲು ಬಿಸಿಲಿದ್ದರೆ ಮಾಂಸ ಬೇಗ ಕೆಡುತ್ತೆ. ಚರ್ಮ ಬೇಗ ಬಿಚ್ಚಿ, ಹತ್ತಿಯದೋ ಸಿಂಥೆಟಿಕ್‌ದೋ ಗಾಳಿಯಾಡುವ ಚೀಲಕ್ಕೆ ಹಾಕಿ, ನೆರಳಲ್ಲಿ ನೇತು ಹಾಕಿ, ಆಮೇಲೆ ಹೊರುವ ಮಾತು. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಮಾಂಸ ಕಟ್ಟಬೇಡಿ. ಮೊದಲು ಕೆಡುವುದು ತೊಡೆಯ ಎಲುಬಿನ ಸುತ್ತ, ಯಾಕೆಂದರೆ ಬಿಸಿ ಅಲ್ಲಿಂದ ಹೊರಗೆ ಹೋಗೋದೇ ಇಲ್ಲ.

ದೊಡ್ಡಹೊರೆ:
ಏನ್ರಪ್ಪಾ ಇದು, 30 ಕೆಜಿ 30 ಕೆಜಿ ಅಂತ. 45 ಕೆಜಿ ಹಾಕಿ, ಎರಡೇ ಸಲ ಹೋಗಿ ಬನ್ನಿ, ಮುಗೀತು. ಸುಮ್ನೆ ಐದೈದು ಸಲ ಯಾರು ಅಲೆದಾಡ್ತಾರೆ.

ಮಂಡಿನೋವು:
@ದೊಡ್ಡಹೊರೆ ಸಮತಟ್ಟು ದಾರಿ ಇದ್ದರೆ, ಮೈ ಪಳಗಿದ್ದರೆ ಸರಿ. ಕತ್ತಲಲ್ಲಿ, ಬಿದ್ದ ಮರ ದಾಟಿಕೊಂಡು, ಸಡಿಲ ಕಲ್ಲಿನ ಮೇಲೆ 45 ಕೆಜಿ ಹೊತ್ತು ಇಳಿಯುವಾಗ ಪಾದ ಒಮ್ಮೆ ತಿರುಗಿದರೆ ಆಮೇಲೆ ಗೆಳೆಯ ಮಾಂಸ ಹೊರಬೇಕೋ ನಿಮ್ಮನ್ನ ಹೊರಬೇಕೋ? ಹೊಸಬರಿಗೆ ಆ ಸಲಹೆ ಕೊಡಬೇಡಿ ಮಾರಾಯ್ರೇ.

@ಏರುಹಾದಿ ನಿಮ್ಮ ಓಟದ ಬಗ್ಗೆ. ಉಸಿರಿಗೆ ಓಟ ಒಳ್ಳೇದೇ, ಬಿಡಬೇಡಿ. 3000 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ 70% ಆಸುಪಾಸು ಮಾತ್ರ, ಹಾಗಾಗಿ ಎದೆ ಗಟ್ಟಿ ಇದ್ದಷ್ಟೂ ಒಳ್ಳೇದು. ಆದರೆ ಓಟದಲ್ಲಿ ಸಿಗದೇ ಇರುವುದು ಎರಡು. ಒಂದು, ಬೆನ್ನು-ಸೊಂಟ-ಭುಜಕ್ಕೆ ಭಾರದ ಅಭ್ಯಾಸ. ಎರಡು, ಇಳಿಜಾರು. ಎಲ್ಲರೂ ಹತ್ತುವುದಕ್ಕೆ ತಯಾರಿ ಮಾಡ್ತಾರೆ. ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಪ್ರತಿ ಹೆಜ್ಜೆಗೂ ಹಿಗ್ಗುತ್ತಲೇ ಬ್ರೇಕ್ ಹಾಕುತ್ತೆ. ಅಭ್ಯಾಸ ಇಲ್ಲದವರಿಗೆ ಮಾರನೇ ದಿನ ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ನಿಮಗೋ ಮಾರನೇ ದಿನ ಇನ್ನೆರಡು ಹೊರೆ ಬಾಕಿ ಇರುತ್ತೆ.

ಒಳ್ಳೆ ಸುದ್ದಿ ಅಂದರೆ ಈ ನೋವಿಗೆ ಮೈ ಬೇಗ ಪಳಗುತ್ತೆ. ಒಮ್ಮೆ ಚೆನ್ನಾಗಿ ಇಳಿಜಾರು ಇಳಿದು ನೋವು ತಿಂದರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋವಾಗಲ್ಲ. ಹಾಗಾಗಿ ಬೇಟೆಗೆ ಎರಡು ಮೂರು ವಾರ ಮುಂಚೆ ಭಾರ ಹೊತ್ತು ಒಂದು ಉದ್ದದ ಇಳಿಜಾರು ಇಳಿದಿರಲೇಬೇಕು. ಬೆಟ್ಟ ಇಲ್ಲವಾ? ಮೆಟ್ಟಿಲು. ಮೆಟ್ಟಿಲೂ ಇಲ್ಲವಾ? ಮೊಣಕಾಲಿಗಿಂತ ಕೆಳಗಿನ ಎತ್ತರದ ಗಟ್ಟಿ ಪೆಟ್ಟಿಗೆ. ಹತ್ತಿ, ಒಂದು ಕಾಲಲ್ಲಿ ನಿಧಾನಕ್ಕೆ ಮೂರು ಎಣಿಸುತ್ತಾ ಇಳಿಯಿರಿ. ಮಂಡಿ ಒಳಕ್ಕೆ ವಾಲುತ್ತಿದ್ದರೆ ಭಾರ ಕಮ್ಮಿ ಮಾಡಿ.

ಭಾರ ಹೊತ್ತ ನಡಿಗೆ ವಾರಕ್ಕೆ ಒಂದು ಅಥವಾ ಎರಡು ಸಲ, ಅಷ್ಟೇ. ದಿನಾ ಹೊತ್ತರೆ ಪಾದ, ಮೀನಖಂಡ, ಬೆನ್ನು ಸುಧಾರಿಸಿಕೊಳ್ಳುವುದಕ್ಕೆ ಸಮಯವೇ ಇರಲ್ಲ. 10 ಕೆಜಿಯಿಂದ ಶುರು ಮಾಡಿ ವಾರ ಬಿಟ್ಟು ವಾರ 2-3 ಕೆಜಿ ಏರಿಸಿ. ಭಾರ ಏರಿಸಿದ ವಾರ ದೂರ ಏರಿಸಬೇಡಿ. ಮಾತಾಡಿಕೊಂಡು ನಡೆಯುವಷ್ಟು ವೇಗ ಸಾಕು. ಭಾರ ಹೊತ್ತು ಓಡಲೇಬೇಡಿ, ಮಂಡಿಗೆ ಶಿಕ್ಷೆ ಅದು. 30 ಕೆಜಿಯನ್ನ ಕೊನೇ ತಿಂಗಳಲ್ಲಿ ಕೆಲವೇ ಸಲ ಹೊತ್ತರೆ ಸಾಕು, ಬಾಕಿ ಎಲ್ಲ 15-20ರಲ್ಲೇ ಆಗಲಿ. ಉಳಿದ ದಿನ ನಿಮ್ಮ ಓಟ, ಜೊತೆಗೆ ಸ್ವಲ್ಪ ಸ್ಕ್ವಾಟು, ಡೆಡ್‌ಲಿಫ್ಟು.

ಕಾಡುದಾರಿ:
ಎಷ್ಟು ಪಳಗಿದ್ದೀರಿ ಅಂತ ನೋಡಿಕೊಳ್ಳಲು ಒಂದು ಅಳತೆಗೋಲು ಬೇಕಿದ್ದರೆ, ಅಮೆರಿಕದ ಕಾಡ್ಗಿಚ್ಚು ಆರಿಸುವವರಿಗೆ ಇರುವ ಪ್ಯಾಕ್ ಟೆಸ್ಟ್ ಇದೆ. 45 ಪೌಂಡ್, ಅಂದರೆ 20 ಕೆಜಿ ಚಿಲ್ಲರೆ, ಹೊತ್ತು ಸಮತಟ್ಟು ನೆಲದಲ್ಲಿ 3 ಮೈಲಿ 45 ನಿಮಿಷದೊಳಗೆ. ಓಡುವ ಹಾಗಿಲ್ಲ, ನಡೆಯಬೇಕು. ಕೇಳೋಕೆ ಸುಲಭ ಅನ್ನಿಸುತ್ತೆ. ಕೊನೇ ಮೈಲಿಯಲ್ಲಿ ಕಣಕಾಲಿನ ಮುಂಭಾಗ ಉರಿಯೋಕೆ ಶುರುವಾದಾಗ ಗೊತ್ತಾಗುತ್ತೆ. ಬೇಟೆಗೆ ಇದು ಪೂರ್ತಿ ಸಾಕಾಗಲ್ಲ, ಬೆಟ್ಟ ಇಲ್ಲವಲ್ಲ. ಆದರೆ ಇದೇ ಆಗದಿದ್ದರೆ 5 ಕಿ.ಮೀ. ಒಳಗೆ ಹೋಗುವ ಪ್ಲಾನ್ ಬದಲಾಯಿಸಿ.

ಇನ್ನೊಂದು ಉಪಾಯ. ಬೆಟ್ಟ ಹತ್ತುವ ಅಭ್ಯಾಸಕ್ಕೆ ಕ್ಯಾನಿನಲ್ಲಿ ನೀರು ತುಂಬಿ ಹೊರಿ. ಲೀಟರಿಗೆ ಒಂದು ಕೆಜಿ, ತೂಕದ ಯಂತ್ರವೇ ಬೇಡ. ಮಂಡಿ ಇನ್ನೂ ಪಳಗಿಲ್ಲದ ಮೊದಲ ವಾರಗಳಲ್ಲಿ ತುದಿಯಲ್ಲಿ ನೀರು ಚೆಲ್ಲಿ ಹಗುರಾಗಿ ಇಳಿಯಿರಿ. ಆಮೇಲೆ ಅರ್ಧ ಚೆಲ್ಲಿ. ಕೊನೆಗೆ ಪೂರ್ತಿ ಹೊತ್ತೇ ಇಳಿಯಿರಿ. ನೀರು ಅಲುಗಾಡದ ಹಾಗೆ ಕ್ಯಾನ್ ಬಾಯಿವರೆಗೂ ತುಂಬಿ.

ಏರುಹಾದಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಳತೆ ಮಾಡಿಸಿಕೊಂಡೆ, ಬೆನ್ನು 48 ಸೆಂ.ಮೀ. ಬಂತು. ಗೆಳೆಯನ ಬೇಟೆ ಪ್ಯಾಕ್ ಎರವಲು ತಂದು 18 ಕೆಜಿ ಮರಳು ಹಾಕಿ ನಡೆದು ಬಂದೆ. ಎರಡು ಸಂಗತಿ. ಬಲ ತೊಡೆಯ ಹೊರಭಾಗ ಜೋಮು ಹಿಡಿದ ಹಾಗೆ, ಮುಟ್ಟಿದರೆ ಬೇರೆ ಯಾರದ್ದೋ ಕಾಲು ಅನ್ನೋ ಥರ. ಕೈಬೆರಳ ತುದಿಯೂ ಜುಮ್ ಅಂತಿತ್ತು. ಇದು ಮಾಮೂಲಾ?

ಸಣ್ಣಬೆನ್ನು:
ಮಾಮೂಲು ಅಂತ ಬಿಡಬೇಡಿ. ತೊಡೆಯ ಹೊರಮೈಯ ಚರ್ಮಕ್ಕೆ ಹೋಗುವ ನರ ಸೊಂಟದ ಮೂಳೆಯ ಮುಂತುದಿ ಪಕ್ಕದಲ್ಲೇ ಹಾಯುತ್ತೆ. ಬೆಲ್ಟು ಕೆಳಗಿದ್ದು ಅಲ್ಲಿ ಒತ್ತಿದರೆ ಹೀಗಾಗುತ್ತೆ. ಜೇಬಲ್ಲಿ ಕೀ, ಫೋನು, ಪ್ಯಾಂಟಿನ ಬೆಲ್ಟಿನ ಬಕಲ್ ಇದ್ದರೂ ಆಗುತ್ತೆ. ಪ್ಯಾಂಟಿನ ಬೆಲ್ಟು ತೆಗೆದುಬಿಡಿ, ಪ್ಯಾಕಿನ ಬೆಲ್ಟು ಒಂದೆರಡು ಬೆರಳು ಮೇಲೆ ಕೂರಿಸಿ. ಬೆರಳು ಜುಮ್ ಅನ್ನುವುದು ಭುಜದ ಪಟ್ಟಿ ಕುತ್ತಿಗೆ-ತೋಳಿನ ನಡುವಿನ ನರಗಳನ್ನ ಒತ್ತುವುದರಿಂದ. ಅಂದರೆ ಭಾರ ಸೊಂಟಕ್ಕೆ ಹೋಗುತ್ತಿಲ್ಲ.

ಹಾಕಿಕೊಳ್ಳುವ ಕ್ರಮ ಹೀಗೆ: ಎಲ್ಲ ಪಟ್ಟಿ ಸಡಿಲ ಮಾಡಿ. ಭುಜ ಮೇಲೆತ್ತಿ ಸೊಂಟದ ಬೆಲ್ಟು ಬಿಗಿಯಿರಿ, ಗಟ್ಟಿಯಾಗಿ. ಆಮೇಲೆ ಭುಜದ ಪಟ್ಟಿ ಎಳೆಯಿರಿ, ತಾಗಿದರೆ ಸಾಕು. ಆಮೇಲೆ ಲೋಡ್ ಲಿಫ್ಟರ್. ಕೊನೆಗೆ ಎದೆ ಪಟ್ಟಿ, ಉಸಿರಾಟಕ್ಕೆ ಅಡ್ಡಿ ಆಗದ ಹಾಗೆ. ಈಗ ಭುಜದ ಪಟ್ಟಿ ಕೆಳಗೆ ಬೆರಳು ತೂರಿಸಿ ನೋಡಿ, ಸಲೀಸಾಗಿ ಹೋಗಬೇಕು. ನಡೆಯುತ್ತಾ ಇರುವಾಗ ಆಗಾಗ ಬೆಲ್ಟು ಬಿಗಿ ಮಾಡಿ ಭುಜ ಸಡಿಲಿಸಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬದಲಾಯಿಸಿ. ಒಂದೇ ಜಾಗಕ್ಕೆ ದಿನವಿಡೀ ಒತ್ತಡ ಬೀಳಬಾರದು. ಇಷ್ಟು ಮಾಡಿದರೂ ಜೋಮು ಹೋಗದೆ ಮಾರನೇ ದಿನವೂ ಉಳಿದರೆ ಡಾಕ್ಟರಿಗೆ ತೋರಿಸಿ.

ಹಳೆಬೂಟು:
ಎದ್ದೇಳುವುದನ್ನೂ ಅಭ್ಯಾಸ ಮಾಡಿ, ಯಾರೂ ಮಾಡಲ್ಲ. 30 ಕೆಜಿಯನ್ನ ನೆಲದಿಂದ ಎತ್ತಿ ಒಂದು ತೋಳಿಗೆ ಬೀಸಿ ಹಾಕಿಕೊಳ್ಳೋಕೆ ಹೋದರೆ ಸೊಂಟ ಹಿಡಿಯುತ್ತೆ. ಪ್ಯಾಕನ್ನ ದಿಬ್ಬದ ಕಡೆಗೆ, ಅಥವಾ ಬಿದ್ದ ಮರದ ಮೇಲೆ ಒರಗಿಸಿ ಇಡಿ. ಅದರ ಮುಂದೆ ಕೂತು ಬೆಲ್ಟು, ಪಟ್ಟಿ ಎಲ್ಲ ಹಾಕಿಕೊಳ್ಳಿ. ಪಕ್ಕಕ್ಕೆ ಉರುಳಿ ಕೈ-ಮಂಡಿ ಮೇಲೆ ಬನ್ನಿ. ಒಂದು ಪಾದ ಮುಂದಿಟ್ಟು ಕೋಲು ಊರಿ ಏಳಿ. ನೋಡೋಕೆ ಚಂದ ಇರಲ್ಲ, ಬೆನ್ನು ಉಳಿಯುತ್ತೆ. ಕೋಲು ಎರಡು ಇರಲಿ, ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಳ್ಳಿ.

ರೈಫಲ್ ಖಾಲಿ ಮಾಡಿ ಪ್ಯಾಕಿನ ಪಕ್ಕಕ್ಕೆ ಕಟ್ಟಿ. ಹೆಗಲಿಗೆ ನೇತು ಹಾಕಿದರೆ ಪ್ಯಾಕಿನ ಪಟ್ಟಿಯ ಮೇಲಿಂದ ಜಾರುತ್ತಲೇ ಇರುತ್ತೆ.

ಕಾಡುದಾರಿ:
ಕಾನೂನಿನ ಕಡೆ ಒಂದೆರಡು ಮಾತು. ಇವೂ ಪ್ಯಾಕಿಗೆ ಸಂಬಂಧಪಟ್ಟವೇ. ಕೊಲೊರಾಡೊದಲ್ಲಿ ರೈಫಲ್ ಸೀಸನ್ನಿನಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಸೊಂಟದಿಂದ ಮೇಲೆ 500 ಚದರ ಇಂಚು ಇರಲೇಬೇಕು, ಟೋಪಿಯೂ ಸೇರಿ. ಕ್ಯಾಮೊ (ಕಾಡಿನಲ್ಲಿ ಬೆರೆತುಹೋಗುವ) ಚಿತ್ತಾರದ ಕಿತ್ತಳೆ ನಡೆಯಲ್ಲ. ಮೇಲೆ ಅಷ್ಟು ದೊಡ್ಡ ಪ್ಯಾಕ್ ಹಾಕಿದರೆ ಬೆನ್ನಿನ ಕಿತ್ತಳೆ ಪೂರ್ತಿ ಮುಚ್ಚಿಹೋಗುತ್ತೆ. ಪ್ಯಾಕಿನ ಮೇಲೆ ಒಂದು ಕಿತ್ತಳೆ ಕವರ್ ಕಟ್ಟಿ. ಕೊಂಬು ಹೊತ್ತು ಬರುವಾಗಂತೂ ಕೊಂಬಿಗೂ ಕಿತ್ತಳೆ ಬಟ್ಟೆ ಸುತ್ತಿ. ಪೊದೆ ಮೇಲೆ ಬರೀ ಕೊಂಬು ಅಲ್ಲಾಡುವುದು ದೂರದವರಿಗೆ ಬೇರೆ ಥರ ಕಾಣುತ್ತೆ.

ಮಾಂಸ ಬಿಟ್ಟು ಕೊಂಬು ಮಾತ್ರ ತರುವ ಹಾಗಿಲ್ಲ. ಗಂಡೋ ಹೆಣ್ಣೋ ಅಂತ ತೋರಿಸುವ ಗುರುತು ಮಾಂಸಕ್ಕೆ ಸಹಜವಾಗಿ ಅಂಟಿಕೊಂಡೇ ಇರಬೇಕು, ಎಲುಬು ಬಿಡಿಸುವಾಗ ಅದನ್ನ ಕತ್ತರಿಸಿ ಬಿಸಾಡಬೇಡಿ. ಅಲಾಸ್ಕಾದಲ್ಲಿ ಇನ್ನೂ ಬಿಗಿ. ಕೊನೇ ಹೊರೆ ಮಾಂಸದ ಜೊತೆಗಲ್ಲದೆ ಅದಕ್ಕೂ ಮುಂಚೆ ಕೊಂಬು ತರುವಂತಿಲ್ಲ, ಕೆಲವು ಪ್ರದೇಶಗಳಲ್ಲಿ ಮಾಂಸ ಎಲುಬಿನ ಮೇಲೇ ಇರಬೇಕು. ಅಲ್ಲಿಗೆ ಹೋಗುವವರು ಎಲುಬಿನ ತೂಕವನ್ನೂ ಸೇರಿಸಿ ಪ್ಯಾಕ್ ಆರಿಸಬೇಕು. ಪ್ರತಿ ವರ್ಷದ ನಿಯಮ ಪುಸ್ತಕ ಓದಿಯೇ ಹೊರಡಿ.

ಬಿಲ್ಲುಗಾರ:
ಮೊಂಟಾನಾ, ವಯೋಮಿಂಗ್ ಕಡೆ ಗ್ರಿಜ್ಲಿ ಕರಡಿ ಇರುವ ಜಾಗಕ್ಕೆ ಹೋಗುವವರು ಇದನ್ನೂ ಓದಿಕೊಳ್ಳಿ. ಕರಡಿ ಸ್ಪ್ರೇ ಪ್ಯಾಕಿನ ಒಳಗಿದ್ದರೆ ಇಲ್ಲದ ಹಾಗೇ. ಸೊಂಟದ ಬೆಲ್ಟಿಗೋ ಎದೆ ಪಟ್ಟಿಗೋ ಕಟ್ಟಿ, ಪ್ಯಾಕ್ ಬಿಚ್ಚಿಟ್ಟು ಮಾಂಸ ಕೊಯ್ಯುವಾಗ ಅದನ್ನ ತೆಗೆದು ಮೈಮೇಲೇ ಇಟ್ಟುಕೊಳ್ಳಿ. ಎರಡನೇ ಹೊರೆಗೆ ವಾಪಸ್ ಹೋಗುವಾಗ ಸದ್ದು ಮಾಡುತ್ತಾ ಹೋಗಿ. ಮಾಂಸವನ್ನ ಕರುಳಿನ ರಾಶಿಯಿಂದ ದೂರ, ದೂರದಿಂದಲೇ ಕಾಣುವ ಜಾಗದಲ್ಲಿ ನೇತು ಹಾಕಿರಬೇಕು. ಹತ್ತಿರ ಹೋಗುವ ಮುಂಚೆ ಬೈನಾಕ್ಯುಲರ್ ಹಾಕಿ ನೋಡಿ.

ದೊಡ್ಡಹೊರೆ:
ಸರಿ ಸರಿ, 45 ಮಾತು ವಾಪಸ್ ತಗೊಂಡೆ. 35 ಅನ್ನೋಣ. ಒಂದು ಸೇರಿಸ್ತೀನಿ, ಬೂಟು. ಕಾಲಿಗೆ ಕಟ್ಟಿದ ಭಾರ ಬೆನ್ನಿನ ಭಾರಕ್ಕಿಂತ ಸುಮಾರು ಐದು ಪಟ್ಟು ಸುಸ್ತು ಮಾಡುತ್ತೆ. ಪ್ಯಾಕಲ್ಲಿ 200 ಗ್ರಾಂ ಉಳಿಸೋಕೆ ಕಾರ್ಬನ್ ಫ್ರೇಮಿಗೆ ದುಡ್ಡು ಸುರಿದು ಕಾಲಿಗೆ ಕಬ್ಬಿಣದಂಥ ಬೂಟು ಹಾಕುವವರು ಇದಾರೆ. ಗಟ್ಟಿ ತಳ ಬೇಕು ನಿಜ, ಅನಗತ್ಯ ತೂಕ ಬೇಡ. ಅಭ್ಯಾಸ ಎಲ್ಲ ಅದೇ ಬೂಟು, ಅದೇ ಸಾಕ್ಸಿನಲ್ಲೇ ಮಾಡಿ.

ಏರುಹಾದಿ:
ಬೆಲ್ಟು ಮೇಲೆ ಕೂರಿಸಿದ ಮೇಲೆ ತೊಡೆಯ ಜೋಮು ಹೋಯಿತು. ಬೆರಳು ಇನ್ನೂ ಸ್ವಲ್ಪ ಜುಮ್ ಅನ್ನುತ್ತೆ, ಆ ಪ್ಯಾಕಿನ ಫ್ರೇಮ್ ನನಗೆ ಗಿಡ್ಡ ಅನ್ನಿಸುತ್ತೆ, ಲಿಫ್ಟರ್ ಚಪ್ಪಟೆಯಾಗಿಯೇ ಇದೆ. 26 ಇಂಚಿನ ಫ್ರೇಮಿನ ಒಂದು ಸೆಕೆಂಡ್ ಹ್ಯಾಂಡ್ ಪ್ಯಾಕ್ ನೋಡಿದ್ದೇನೆ, ಶನಿವಾರ ಮರಳು ಚೀಲ ತಗೊಂಡೇ ಹೋಗ್ತೀನಿ. ಗೆಳೆಯನಿಗೆ ಹೊರ ಫ್ರೇಮ್ ಸಾಕಂತೆ, ಗಾಡಿಯಲ್ಲಿ ಬಿಡೋದು ಅಂತ ಮಾತಾಗಿದೆ. ಕೊನೇ ಪ್ರಶ್ನೆ: ಹೊರಡುವ ಹಿಂದಿನ ವಾರ ಏನು ಮಾಡಲಿ? ಇನ್ನೂ ಜಾಸ್ತಿ ಹೊರಲಾ?

ಮಂಡಿನೋವು:
ಬೇಡ. ಕೊನೇ ಹತ್ತು ದಿನ ಭಾರ ಇಳಿಸಿಬಿಡಿ, ಹಗುರ ನಡಿಗೆ ಸಾಕು. ಆ ವಾರ ಗಳಿಸೋದು ಏನೂ ಇಲ್ಲ, ಕಳೆಯೋದೇ ಜಾಸ್ತಿ. ರಜೆ ಸಿಕ್ಕರೆ ಎರಡು ದಿನ ಮುಂಚೆ ಹೋಗಿ ಎತ್ತರದಲ್ಲಿ ಮಲಗಿ, ನೀರು ಚೆನ್ನಾಗಿ ಕುಡಿಯಿರಿ, ತಲೆನೋವು-ವಾಕರಿಕೆ ಜಾಸ್ತಿ ಆದರೆ ಕೆಳಗಿಳಿಯಿರಿ. ಸೆಕೆಂಡ್ ಹ್ಯಾಂಡ್ ನೋಡುವಾಗ ಬೆಲ್ಟಿನ ಬಕಲ್ ಹಲ್ಲು, ಭುಜದ ಪಟ್ಟಿ ಫ್ರೇಮಿಗೆ ಸೇರುವ ಹೊಲಿಗೆ, ಫ್ರೇಮಿನ ಕೆಳ ಮೂಲೆ, ಈ ಮೂರು ಜಾಗ ನೋಡಿ. ಬಕಲ್ ಒಂದು ಎಕ್ಸ್‌ಟ್ರಾ ತಗೊಂಡು ಜೇಬಲ್ಲಿ ಇಟ್ಟುಕೊಳ್ಳಿ. ಒಳಗೆ ಹೋಗಿ ಅದು ಮುರಿದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬರಬೇಕಾಗುತ್ತೆ.